ಅಮೆರಿಕದ ಕೆಂಪು ಹಳ್ಳಿ, ನೀಲಿ ಪೇಟೆ: ನಕ್ಷೆಯಲ್ಲಿ ಕಾಣದ ಮತಗಳು

2020ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಮತ ಎಣಿಕೆ ನಾಲ್ಕು ದಿನ ಎಳೆದಾಡಿತು. ಆ ನಾಲ್ಕೂ ದಿನ ನಮ್ಮ ಮನೆಯ ಟಿವಿಯಲ್ಲಿ ಅದೇ ನಕ್ಷೆ. ಬೈಡನ್ ಗೆದ್ದರೆಂದು ಸುದ್ದಿ ಬಂದ ರಾತ್ರಿ ಅಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಹೋಗಿ ನೋಡಿದಳು. "ದೇಶಕ್ಕೆ ದೇಶವೇ ಕೆಂಪಗಿದೆಯಲ್ಲೋ, ನೀಲಿಯವನು ಗೆದ್ದಿದ್ದು ಹೇಗೆ?"

"ನೀಲಿ ಇರೋದು ಪೇಟೆಗಳಲ್ಲಿ ಅಮ್ಮ, ಜನ ಜಾಸ್ತಿ ಇರೋದೂ ಅಲ್ಲೇ" ಅಂದೆ.

ಮರುದಿನ ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿರುವ ಅಕ್ಕನ ಮಗ ಫೋನ್ ಮಾಡಿದಾಗ ಅವನಿಗೂ ಇದನ್ನೇ ಹೇಳಿದೆ. "ಮಾವ, ನಮ್ಮ ಬೀದೀಲಿ ಅಕ್ಕಪಕ್ಕದ ಮನೆಗಳ ಹುಲ್ಲುಹಾಸಿನ ಮೇಲೆ ಎರಡೂ ಪಕ್ಷದ ಬೋರ್ಡು ನೆಟ್ಟಿದ್ದಾರೆ. ಇದು ಪೇಟೇನೋ ಹಳ್ಳೀನೋ ನೀವೇ ಹೇಳಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಂದೀಚೆಗೆ ಆ ಪ್ರಶ್ನೆಯ ಬೆನ್ನು ಹತ್ತಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಣ್ಣದ ವಿಷಯ. ನಮ್ಮ ಕಡೆ ಕೆಂಪು ಅಂದರೆ ಎಡಪಂಥದ ಬಾವುಟ. ಅಮೆರಿಕದಲ್ಲಿ ಅದು ಸಂಪ್ರದಾಯವಾದಿಗಳೆನಿಸಿದ ರಿಪಬ್ಲಿಕನ್ನರ ಬಣ್ಣ, ಟ್ರಂಪ್ ಆ ಪಕ್ಷದವರು. ನೀಲಿ ಬೈಡನ್ ಅವರ ಡೆಮಾಕ್ರಟರದ್ದು. ಇದೇನೂ ತಲೆತಲಾಂತರದ ಸಂಗತಿಯಲ್ಲ. 2000ನೇ ಇಸವಿಯವರೆಗೂ ಒಂದೊಂದು ಟಿವಿ ಚಾನೆಲ್ ತನಗೆ ತೋಚಿದ ಬಣ್ಣ ಬಳಿಯುತ್ತಿತ್ತು. 1980ರಲ್ಲಿ ರಿಪಬ್ಲಿಕನ್ ಆದ ರೇಗನ್ ಗೆದ್ದ ರಾಜ್ಯಗಳನ್ನು ಎನ್‌ಬಿಸಿ ನೀಲಿಯಲ್ಲೇ ತೋರಿಸಿತ್ತು. 2000ದಲ್ಲಿ ಬುಷ್ ಮತ್ತು ಅಲ್ ಗೋರ್ ನಡುವಿನ ಚುನಾವಣೆ ಫ್ಲಾರಿಡಾದ 537 ಮತಗಳ ಮೇಲೆ ನಿಂತು, ಒಂದು ತಿಂಗಳಿಗೂ ಹೆಚ್ಚು ಕಾಲ ಇತ್ಯರ್ಥವಾಗದೆ ಉಳಿಯಿತು. ಅಷ್ಟು ದಿನ ಜನ ಬೆಳಿಗ್ಗೆ ಸಂಜೆ ಅದೇ ನಕ್ಷೆ ನೋಡಿದರು. ಬಣ್ಣ ಆಗ ಅಂಟಿತು, ಅದರ ಜೊತೆಗೇ "ಕೆಂಪು ರಾಜ್ಯ", "ನೀಲಿ ರಾಜ್ಯ" ಎಂಬ ಮಾತುಗಳೂ ಅಂಟಿಕೊಂಡವು. ಮೊದಲಿಗೆ ಅದು ಮತದ ಲೆಕ್ಕ ತೋರಿಸುವ ಅನುಕೂಲವಾಗಿತ್ತು. ಬರಬರುತ್ತಾ ಮನುಷ್ಯರ ಜಾತಿ ಹೇಳುವ ಪದವಾಯಿತು.

ಅಮ್ಮ ನೋಡಿದ ನಕ್ಷೆ ಕೌಂಟಿಗಳದ್ದು. ಕೌಂಟಿ ಅಂದರೆ ನಮ್ಮ ತಾಲ್ಲೂಕೋ ಜಿಲ್ಲೆಯೋ ಇದ್ದ ಹಾಗೆ. ದೇಶದಲ್ಲಿ ಅಂಥವು 3,100ಕ್ಕೂ ಹೆಚ್ಚಿವೆ. 2020ರಲ್ಲಿ ಬೈಡನ್ ಗೆದ್ದದ್ದು ಅವುಗಳಲ್ಲಿ ಸುಮಾರು 500 ಮಾತ್ರ. ಆದರೆ ದೇಶದ ಒಟ್ಟು ಉತ್ಪನ್ನದ ಹತ್ತಿರ ಹತ್ತಿರ ಶೇ. 70ರಷ್ಟು ಹುಟ್ಟುವುದು ಆ 500ರಲ್ಲಿ. ನಕ್ಷೆ ಬಣ್ಣ ಬಳಿಯುವುದು ನೆಲಕ್ಕೆ. ಜನ ಎಷ್ಟಿದ್ದಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಮರೆಮಾಚುವಿಕೆ ಇನ್ನೊಂದಿದೆ. 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ಮತ ಬಿದ್ದ ರಾಜ್ಯ ಯಾವುದು? ಟೆಕ್ಸಸ್ ಅಲ್ಲ, ಕ್ಯಾಲಿಫೋರ್ನಿಯಾ: 60 ಲಕ್ಷ. ಅತಿ ಹೆಚ್ಚು ಮತ ಕೊಟ್ಟ ಕೌಂಟಿ? ಹಾಲಿವುಡ್ ಇರುವ ಲಾಸ್ ಏಂಜಲೀಸ್: 11 ಲಕ್ಷಕ್ಕೂ ಮೀರಿ. ಅತ್ತ "ಕೆಂಪು" ಟೆಕ್ಸಸ್‌ನಲ್ಲಿ ಬೈಡನ್‌ಗೆ 52 ಲಕ್ಷ ಮತ. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಬಂದವನಿಗೆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು, ಸಲ್ಲುತ್ತಾರೆ. ಸೋತವರ ಲಕ್ಷಾಂತರ ಮತ ಫಲಿತಾಂಶದಲ್ಲೂ ಕಾಣುವುದಿಲ್ಲ, ನಕ್ಷೆಯಲ್ಲೂ ಕಾಣುವುದಿಲ್ಲ.

ಹಾಗಾದರೆ ಗೆರೆ ಇರುವುದೆಲ್ಲಿ? ಅಕ್ಕನ ಮಗನ ಊರನ್ನೇ ತೆಗೆದುಕೊಳ್ಳೋಣ. ಟೆಕ್ಸಸ್‌ನ ರಾಜಧಾನಿ ಆಸ್ಟಿನ್ ಇರುವುದು ಟ್ರಾವಿಸ್ ಕೌಂಟಿಯಲ್ಲಿ. 2020ರಲ್ಲಿ ಅಲ್ಲಿ ಬೈಡನ್‌ಗೆ ಶೇ. 71. ಐ-35 ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 30 ಕಿ.ಮೀ. ಹೋದರೆ ವಿಲಿಯಮ್‌ಸನ್ ಕೌಂಟಿಯ ರೌಂಡ್ ರಾಕ್. ಡೆಲ್ ಕಂಪನಿಯ ಕೇಂದ್ರ ಕಚೇರಿ, ಹೊಸ ಬಡಾವಣೆಗಳು, ಸಾಕಷ್ಟು ಭಾರತೀಯ ಕುಟುಂಬಗಳು. ಅಲ್ಲಿ ಬೈಡನ್ ಗೆದ್ದದ್ದು ಸುಮಾರು 4 ಸಾವಿರ ಮತಗಳಿಂದ, ಅಂದರೆ ಸರಿಸುಮಾರು ಅರ್ಧಕ್ಕರ್ಧ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಗುಡ್ಡಗಾಡಿನ ಬರ್ನೆಟ್ ಕೌಂಟಿಗೆ ಹೋದರೆ ಟ್ರಂಪ್‌ಗೆ ಶೇ. 76. ಹೆಚ್ಚೆಂದರೆ ಒಂದು ಗಂಟೆಯ ದಾರಿ. ದಾರಿಯುದ್ದಕ್ಕೂ ಬೇಲಿ ದಾಟಿದ ಹಾಗೆ ಏನೂ ಅನಿಸುವುದಿಲ್ಲ. ಮನೆ ಮನೆ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ, ನೀಲಿ ಮತ ಅದಕ್ಕೆ ತಕ್ಕಂತೆ ಕರಗುತ್ತಾ ಹೋಗುತ್ತದೆ. ಅಮೆರಿಕದ ಬಹುಪಾಲು ದೊಡ್ಡ ಊರುಗಳ ಸುತ್ತ ಇದೇ ಇಳಿಜಾರು. ರಾಜಕೀಯ ಶಾಸ್ತ್ರಜ್ಞರು ಜನಸಾಂದ್ರತೆಯ ಮಾತನ್ನು ಮತ್ತೆ ಮತ್ತೆ ಎತ್ತುವುದು ಇದಕ್ಕೇ.

ಇನ್ನೊಂದು ಲೆಕ್ಕ ನೋಡಿ. ಕಡುನೀಲಿ ಟ್ರಾವಿಸ್‌ನಲ್ಲಿ ಟ್ರಂಪ್‌ಗೆ ಬಿದ್ದ ಮತ ಸುಮಾರು 1.6 ಲಕ್ಷ. ಕಡುಕೆಂಪು ಬರ್ನೆಟ್‌ನಲ್ಲಿ ಸುಮಾರು 19 ಸಾವಿರ. ರಿಪಬ್ಲಿಕನ್ ಮತದಾರರನ್ನು ಹುಡುಕಿಕೊಂಡು ಹೊರಟವನಿಗೆ ಗುಡ್ಡಗಾಡಿಗಿಂತ ಆಸ್ಟಿನ್ ಪೇಟೆಯಲ್ಲೇ ಎಂಟು ಪಟ್ಟು ಹೆಚ್ಚು ಜನ ಸಿಗುತ್ತಾರೆ.

ಇಷ್ಟಿದ್ದರೂ ಜನರ ಮನಸ್ಸಿನಲ್ಲಿ ಕೂತಿರುವ ಚಿತ್ರ ಬೇರೆ. 2004ರ ಜನವರಿಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿತನಕ್ಕೆ ಸ್ಪರ್ಧಿಸಿದ್ದ ಹೋವರ್ಡ್ ಡೀನ್ ವಿರುದ್ಧ ಅಯೋವಾದಲ್ಲಿ ಒಂದು ಟಿವಿ ಜಾಹೀರಾತು ಬಂತು. ಲಾಟೆ ಕುಡಿಯುವವರು, ಸುಶಿ ತಿನ್ನುವವರು, ವೋಲ್ವೋ ಕಾರು ಓಡಿಸುವವರು ಎಂದೆಲ್ಲ ಪೇಟೆಯ ಶೋಕಿದಾರರ ಹಣೆಪಟ್ಟಿ ಹಚ್ಚಿ, ಇವರೆಲ್ಲ ತಮ್ಮ ವರ್ಮಾಂಟ್‌ಗೇ ವಾಪಸ್ಸು ಹೋಗಲಿ ಎಂದು ಅದರಲ್ಲಿ ಹೇಳಿಸಿದ್ದರು. ಡೀನ್ ವರ್ಮಾಂಟ್‌ನ ಗವರ್ನರ್ ಆಗಿದ್ದವರು. ಆದರೆ ವರ್ಮಾಂಟ್ ಎಂಥ ರಾಜ್ಯ? ಹಸು ಕಟ್ಟಿ ಹಾಲು ಕರೆಯುವವರ, ಮೇಪಲ್ ಮರದ ರಸ ಕಾಯಿಸುವವರ ನಾಡು. 2020ರ ಜನಗಣತಿಯ ಪ್ರಕಾರ ಹಳ್ಳಿಗಾಡಿನಲ್ಲಿ ವಾಸಿಸುವವರ ಪಾಲು ದೇಶದಲ್ಲೇ ಅತಿ ಹೆಚ್ಚಿರುವುದು ಅಲ್ಲಿ, ಶೇ. 65. ಅದೇ ರಾಜ್ಯ ಆ ವರ್ಷ ಬೈಡನ್‌ಗೆ ಶೇ. 66 ಮತ ಕೊಟ್ಟಿತು. "ಹಳ್ಳಿ ಅಂದರೆ ಕೆಂಪು" ಎಂಬ ಸೂತ್ರ ದೇಶದ ಅತಿ ದೊಡ್ಡ ಹಳ್ಳಿ ರಾಜ್ಯದಲ್ಲೇ ನಿಲ್ಲುವುದಿಲ್ಲ.

ಹಣೆಪಟ್ಟಿ ಹಚ್ಚುವುದರಲ್ಲಿ ಎರಡು ಕಡೆಯ ದೊಡ್ಡವರೂ ಹಿಂದೆ ಬಿದ್ದಿಲ್ಲ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಿಧಿಸಂಗ್ರಹ ಸಭೆಯೊಂದರಲ್ಲಿ ಒಬಾಮ, ಕೆಲಸ ಕಳೆದುಕೊಂಡ ಸಣ್ಣ ಊರಿನವರು ಕಹಿಯಿಂದ ಬಂದೂಕಿಗೋ ಧರ್ಮಕ್ಕೋ ಅಂಟಿಕೊಳ್ಳುತ್ತಾರೆ ಎಂದರು. 2016ರಲ್ಲಿ ಹಿಲರಿ ಕ್ಲಿಂಟನ್ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು "ಹೇಯ" ಎಂಬ ಬುಟ್ಟಿಗೆ ಹಾಕಿದರು. 2019ರಲ್ಲಿ ಟ್ರಂಪ್, ಬಾಲ್ಟಿಮೋರ್ ಸೇರಿದ ಕ್ಷೇತ್ರವನ್ನು ಇಲಿ ಹೆಗ್ಗಣ ತುಂಬಿದ ಕೊಳಕೆಂದು ಬರೆದರು. ಬಾಲ್ಟಿಮೋರ್‌ನ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಓದಿಸುತ್ತಿರುವ ತಾಯಿಗೂ, ಸಣ್ಣ ಊರಿನಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಊರು ಬಿಡದೆ ಉಳಿದವನಿಗೂ ಇಂಥ ಮಾತು ತಲುಪುತ್ತದೆ. ಅವರು ಅದನ್ನು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ.

ಈ ಚಿತ್ರ ಎಷ್ಟು ತಪ್ಪು ಎಂಬುದನ್ನು ಡೌಗ್ಲಸ್ ಆಲರ್ ಮತ್ತು ಗೌರವ್ ಸೂದ್ ಎಂಬ ಇಬ್ಬರು ವಿದ್ವಾಂಸರು ಅಳೆದು, 2018ರಲ್ಲಿ ಪ್ರಕಟಿಸಿದರು. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರ್‌ಗಿಂತ ಹೆಚ್ಚು ಸಂಪಾದಿಸುವವರು ಎಷ್ಟಿರಬಹುದು ಎಂದು ಕೇಳಿದರೆ ಜನರ ಸರಾಸರಿ ಉತ್ತರ ಶೇ. 38. ನಿಜ ಶೇ. 2. ಡೆಮಾಕ್ರಟರಲ್ಲಿ ಸಲಿಂಗಿಗಳು, ದ್ವಿಲಿಂಗಾಸಕ್ತರು ಎಷ್ಟು ಎಂದರೆ ಶೇ. 32 ಎಂದರು. ನಿಜ ಶೇ. 6. ಕಾರ್ಮಿಕ ಸಂಘದ ಸದಸ್ಯರು ಶೇ. 39 ಎಂದರು. ನಿಜ ಶೇ. 11. ಎದುರು ಪಕ್ಷದ ಬಗ್ಗೆ ಮಾತ್ರವಲ್ಲ, ತಮ್ಮ ಪಕ್ಷದ ಬಗ್ಗೆಯೂ ಜನ ತಪ್ಪಾಗಿಯೇ ಊಹಿಸಿದರು. ರಾಜಕೀಯದಲ್ಲಿ ಆಸಕ್ತಿ ಹೆಚ್ಚಿದ್ದವರ ಊಹೆ ಇನ್ನಷ್ಟು ತಪ್ಪಾಗಿತ್ತು. ನನಗೆ ಈ ಕೊನೆಯ ಸಂಗತಿ ಬಹಳ ಕಾಡಿತು, ಯಾಕೆಂದರೆ ಸುದ್ದಿ ಜಾಸ್ತಿ ನೋಡಿದರೆ ತಿಳಿವಳಿಕೆ ಜಾಸ್ತಿಯಾಗುತ್ತದೆ ಎಂದೇ ನಾನು ನಂಬಿದ್ದೆ.

ಹಣೆಪಟ್ಟಿಯಲ್ಲಿ ಸತ್ಯವೇ ಇಲ್ಲವೆಂದಲ್ಲ. ಚುನಾವಣಾ ವಿಶ್ಲೇಷಕ ಡೇವ್ ವಾಸರ್‌ಮನ್ ಒಂದು ಲೆಕ್ಕ ಇಡುತ್ತಾರೆ. ಹೋಲ್ ಫುಡ್ಸ್ ಎಂಬ ದುಬಾರಿ ಸಾವಯವ ದಿನಸಿ ಅಂಗಡಿ ಇರುವ ಕೌಂಟಿಗಳಲ್ಲಿ ಶೇ. 85ನ್ನು 2020ರಲ್ಲಿ ಬೈಡನ್ ಗೆದ್ದರು. ಹೆದ್ದಾರಿ ಬದಿಯಲ್ಲಿ ಹಳ್ಳಿ ಶೈಲಿಯ ಊಟ ಬಡಿಸುವ ಕ್ರ್ಯಾಕರ್ ಬ್ಯಾರೆಲ್ ಇರುವ ಕೌಂಟಿಗಳಲ್ಲಿ ಶೇ. 32 ಮಾತ್ರ. 1992ರಲ್ಲಿ ಈ ಎರಡರ ನಡುವಿನ ಅಂತರ 20ರ ಆಸುಪಾಸಿನಲ್ಲಿತ್ತು, 2020ರಲ್ಲಿ 53. ಅಂದರೆ ಬಿರುಕು ನಿಜ, ಅದು ಅಗಲವಾಗುತ್ತಿರುವುದೂ ನಿಜ. ಆದರೆ ಅಂಗಡಿ ನೋಡಿ ಕೌಂಟಿಯ ಒಲವನ್ನು ಊಹಿಸಬಹುದು. ಆ ಅಂಗಡಿಯ ಬಿಲ್ ಕೌಂಟರಿನಲ್ಲಿ ನಿಂತ ಹುಡುಗಿ ಯಾರಿಗೆ ಮತ ಹಾಕಿದಳೆಂದು ಊಹಿಸಲಾಗದು.

ಇದು ಹೀಗೆ ಆದದ್ದು ಯಾವಾಗ? ಇದಕ್ಕೂ ಬರ್ನೆಟ್ ಸುತ್ತಲಿನ ಗುಡ್ಡಗಾಡೇ ಉತ್ತರ ಹೇಳುತ್ತದೆ. 1930ರ ದಶಕದ ನಡುವಿನಲ್ಲಿ ಅಮೆರಿಕದ ಪೇಟೆಗಳ ಹತ್ತರಲ್ಲಿ ಒಂಬತ್ತು ಮನೆಗೆ ಕರೆಂಟ್ ಇತ್ತು, ಹೊಲಮನೆಗಳಲ್ಲಿ ಹತ್ತಕ್ಕೆ ಒಂದು. ಟೆಕ್ಸಸ್‌ನ ಆ ಗುಡ್ಡಗಳಲ್ಲಿ ಹೆಂಗಸರು ಬಾವಿಯಿಂದ ನೀರು ಸೇದಿ ಹೊರುತ್ತಿದ್ದರು, ಸೌದೆ ಒಲೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಖಾಸಗಿ ಕಂಪನಿಗಳಿಗೆ ದೂರ ದೂರದ ಮನೆಗಳಿಗೆ ತಂತಿ ಎಳೆಯುವುದು ಗಿಟ್ಟುತ್ತಿರಲಿಲ್ಲ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣದ ಯೋಜನೆ ತಂದರು. 1937ರಲ್ಲಿ ಆ ಪ್ರದೇಶದಿಂದ ಗೆದ್ದುಬಂದ ತರುಣ ಸಂಸದ ಲಿಂಡನ್ ಜಾನ್ಸನ್ ಬೆನ್ನು ಹತ್ತಿ, ರೈತರ ಸಹಕಾರ ಸಂಘದ ಮೂಲಕ ಗುಡ್ಡಗಾಡಿಗೆ ಬೆಳಕು ತಂದರು. ರೂಸ್‌ವೆಲ್ಟ್, ಜಾನ್ಸನ್ ಇಬ್ಬರೂ ಡೆಮಾಕ್ರಟರು. ಅಂದಿನ ಡೆಮಾಕ್ರಟಿಕ್ ಪಕ್ಷದಲ್ಲಿ ಉತ್ತರದ ಕಾರ್ಖಾನೆ ಊರುಗಳ ಕಾರ್ಮಿಕ ಸಂಘಗಳೂ ಇದ್ದವು, ದಕ್ಷಿಣದ ಬಿಳಿಯ ರೈತರೂ ಇದ್ದರು.

ಇದೇ ಜಾನ್ಸನ್ ಮುಂದೆ ಅಧ್ಯಕ್ಷರಾಗಿ 1964ರ ನಾಗರಿಕ ಹಕ್ಕುಗಳ ಕಾಯ್ದೆಗೂ 1965ರ ಮತದಾನ ಹಕ್ಕಿನ ಕಾಯ್ದೆಗೂ ಸಹಿ ಹಾಕಿದರು. ಕರಿಯರಿಗೆ ಸಮಾನ ಹಕ್ಕು ಸಿಕ್ಕಿದ್ದನ್ನು ಒಪ್ಪದ ದಕ್ಷಿಣದ ಬಿಳಿಯರು ನಿಧಾನವಾಗಿ, ಎರಡು ಮೂರು ದಶಕಗಳಲ್ಲಿ, ಪಕ್ಷ ಬಿಟ್ಟರು. ಗರ್ಭಪಾತ, ಧರ್ಮ, ಬಂದೂಕಿನ ವಿಷಯಗಳು ಆಮೇಲೆ ಸೇರಿಕೊಂಡವು. ಇದಕ್ಕೂ ಮೊದಲೇ, 1910ರಿಂದ 1970ರ ನಡುವೆ, ಸುಮಾರು 60 ಲಕ್ಷ ಕರಿಯರು ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್‌ಗಳಂಥ ಊರುಗಳಿಗೆ ಗುಳೆ ಹೋಗಿದ್ದರು. ಎರಡನೇ ಮಹಾಯುದ್ಧದ ನಂತರ ಸರ್ಕಾರದ ಬೆಂಬಲದ ಅಗ್ಗದ ಸಾಲ ಸಿಕ್ಕ ಬಿಳಿಯ ಕುಟುಂಬಗಳು ಉಪನಗರಗಳಿಗೆ ಹೊರಟವು. 1947ರಲ್ಲಿ ಶುರುವಾದ ಪ್ರಸಿದ್ಧ ಲೆವಿಟೌನ್ ಬಡಾವಣೆಯಲ್ಲಿ ಕರಿಯರಿಗೆ ಮನೆ ಕೊಡಬಾರದೆಂದು ಕರಾರಿನಲ್ಲೇ ಬರೆದಿತ್ತು. ಆಸ್ಟಿನ್‌ನಲ್ಲಿ 1928ರ ನಗರ ಯೋಜನೆ ಕರಿಯರನ್ನು ಊರಿನ ಪೂರ್ವಕ್ಕೆ ದೂಡಿತು. 1962ರಲ್ಲಿ ತೆರೆದ ಐ-35 ಹೆದ್ದಾರಿ ಆ ಗೆರೆಯನ್ನು ಕಾಂಕ್ರೀಟಿನಲ್ಲಿ ಎಳೆಯಿತು. ನಾವು ಆಗಲೇ ರೌಂಡ್ ರಾಕ್‌ಗೆ ಹಿಡಿದು ಹೋದ ರಸ್ತೆಯೇ ಅದು. ಪೇಟೆ ನೀಲಿ, ಹೊರವಲಯ ಕೆಂಪು ಎನ್ನುವಾಗ, ಯಾರು ಎಲ್ಲಿ ಮನೆ ಮಾಡಬಹುದು ಎಂದು ಕಾಗದದ ಮೇಲೆ ತೀರ್ಮಾನವಾಗಿದ್ದ ಈ ಕಥೆಯನ್ನು ಬಿಟ್ಟರೆ ಏನೂ ಅರ್ಥವಾಗದು.

ಅಷ್ಟಾದರೂ ಹಳ್ಳಿಗಳು ಡೆಮಾಕ್ರಟರನ್ನು ಪೂರ್ತಿ ಕೈಬಿಟ್ಟಿರಲಿಲ್ಲ. 1996ರಲ್ಲೂ ಆ ಪಕ್ಷದ ಬಿಲ್ ಕ್ಲಿಂಟನ್ ಸುಮಾರು 1,500 ಕೌಂಟಿ ಗೆದ್ದರು, ಕಲ್ಲಿದ್ದಲ ಗಣಿಗಳ ವೆಸ್ಟ್ ವರ್ಜೀನಿಯಾವನ್ನೂ ಗೆದ್ದರು. 24 ವರ್ಷಗಳ ಬಳಿಕ ಅದೇ ರಾಜ್ಯದಲ್ಲಿ ಬೈಡನ್‌ಗೆ ಬಂದದ್ದು ಶೇ. 30. ಈ ನಡುವೆ ಗಣಿ ಕೆಲಸ ಕುಗ್ಗಿತು, ಕಾರ್ಖಾನೆಗಳು ಹೊರದೇಶಕ್ಕೆ ಹೋದವು, ಸಂಘಗಳು ಸೊರಗಿದವು. ಕಾಲೇಜು ಓದಿದ ಮಕ್ಕಳು ಕೆಲಸ ಹುಡುಕಿ ದೊಡ್ಡ ಊರು ಸೇರಿದರು. ಇಂದು ಪಕ್ಷವನ್ನು ಊಹಿಸಲು ಡಿಗ್ರಿ ಇದೆಯೇ ಎಂಬ ಪ್ರಶ್ನೆಯೂ ವಾಸ ಎಲ್ಲಿ ಎಂಬ ಪ್ರಶ್ನೆಯಷ್ಟೇ ಉಪಯುಕ್ತ.

ವಾಸದ ರೀತಿಯೇ ಸರ್ಕಾರದ ಬಗೆಗಿನ ಭಾವನೆಯನ್ನೂ ತಿದ್ದುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವನಿಗೆ ನಲ್ಲಿ ನೀರು, ಕಸದ ಗಾಡಿ, ಬಸ್ಸು, ಪಾರ್ಕು ಎಲ್ಲವೂ ನಗರಸಭೆಯ ಕೈಲಿ. ಹಳ್ಳಿಗಾಡಿನವನ ನೀರು ಅವನದೇ ಬಾವಿಯದ್ದು, ಕೊಳಚೆ ಅವನದೇ ಸೆಪ್ಟಿಕ್ ಟ್ಯಾಂಕಿಗೆ, ಹಿಮ ಬಿದ್ದರೆ ದಾರಿ ಬಿಡಿಸುವುದು ಅವನದೇ ಟ್ರ್ಯಾಕ್ಟರು. ಬಂದೂಕು ಅಂದರೆ ಪೇಟೆಯವನಿಗೆ ರಾತ್ರಿ ಬೀದಿಯಲ್ಲಿ ಕೇಳಿದ ಸದ್ದು. ಹಳ್ಳಿಯವನಿಗೆ ಜಿಂಕೆ ಬೇಟೆ, ಕರು ಹೊತ್ತೊಯ್ಯುವ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿ, ಫೋನ್ ಮಾಡಿದರೆ ಬರಲು ಬಹಳ ಹೊತ್ತು ಹಿಡಿಯುವ ಷೆರಿಫ್ ಎಂಬ ಕೌಂಟಿಯ ಪೊಲೀಸ್ ಅಧಿಕಾರಿ. ಹಾಗೆಂದು ಹಳ್ಳಿ ಸರ್ಕಾರವಿಲ್ಲದೆ ಬದುಕುತ್ತದೆ ಎಂಬುದೂ ಸುಳ್ಳು. ಬೆಳೆ ಸಹಾಯಧನ, ಅಂಚೆ ಕಚೇರಿ, ಸಣ್ಣ ಊರಿನ ಆಸ್ಪತ್ರೆ ಎಲ್ಲವೂ ಸರ್ಕಾರದ ಹಣದ ಮೇಲೇ ನಿಂತಿವೆ. ಆದರೆ ಆ ಹಣ ಕಸದ ಗಾಡಿಯಂತೆ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ಗಂಟೆ ಬಾರಿಸುವುದಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕ್ಯಾಥಿ ಕ್ರೇಮರ್ 2007ರಿಂದ ಹಲವು ವರ್ಷ ಒಂದು ಸರಳ ಕೆಲಸ ಮಾಡಿದರು. ರಾಜ್ಯದ ಸಣ್ಣ ಊರುಗಳ ಪೆಟ್ರೋಲ್ ಬಂಕು, ಹೋಟೆಲುಗಳಲ್ಲಿ ಬೆಳ್ಳಂಬೆಳಗ್ಗೆ ಕಾಫಿಗೆ ಸೇರುವ ಗುಂಪಿನ ಜೊತೆ ಹೋಗಿ ಕೂತು, ಅವರ ಹರಟೆ ಕೇಳಿದರು. ಎಲ್ಲ ಕಡೆ ಅವರ ಕಿವಿಗೆ ಬಿದ್ದದ್ದು ಮೂರು ದೂರು. ತೀರ್ಮಾನವೆಲ್ಲ ರಾಜಧಾನಿ ಮ್ಯಾಡಿಸನ್‌ನಲ್ಲಿ ಆಗುತ್ತದೆ. ನಮ್ಮ ತೆರಿಗೆ ಮ್ಯಾಡಿಸನ್ ಮತ್ತು ಮಿಲ್ವಾಕಿಗೆ ಹೋಗುತ್ತದೆ. ನಮ್ಮನ್ನು ಅಲ್ಲಿನವರು ಲೆಕ್ಕಕ್ಕಿಡುವುದಿಲ್ಲ. ಎರಡನೆಯ ದೂರಿಗೆ ಅಂಕಿ ಅಂಶಗಳ ಬೆಂಬಲ ಸಿಗಲಿಲ್ಲ. ತಲಾ ಲೆಕ್ಕದಲ್ಲಿ ಹಳ್ಳಿ ಕೌಂಟಿಗಳಿಗೆ ಕಡಿಮೆಯೇನೂ ಬರುತ್ತಿರಲಿಲ್ಲ. ಆದರೆ ಚದುರಿದ ಮನೆಗಳಿಗೆ ರಸ್ತೆ, ಶಾಲಾ ಬಸ್ಸು ಒದಗಿಸಲು ತಲೆಗೆ ತಗಲುವ ಖರ್ಚು ಹೆಚ್ಚು, ಹಾಗಾಗಿ ಅಷ್ಟೇ ದುಡ್ಡಿನಲ್ಲಿ ಕಣ್ಣಿಗೆ ಕಾಣುವ ಕೆಲಸ ಕಡಿಮೆ. ಮೂರನೆಯ ದೂರಿಗೆ ಅಂಕಿ ಅಂಶ ಬೇಕಿಲ್ಲ. ಮೂಲೆಗೆ ತಳ್ಳಿಸಿಕೊಂಡವನಿಗೆ ಅದು ಗೊತ್ತೇ ಇರುತ್ತದೆ.

ಪೇಟೆಯವರ ದೂರಿಗೂ ಬುಡವಿದೆ, ಅದು ಲೆಕ್ಕದ ಬುಡ. 5.77 ಲಕ್ಷ ಜನರ ವಯೋಮಿಂಗ್‌ಗೂ 3.95 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ತಲಾ ಎರಡೇ ಸ್ಥಾನ. ರಾಜ್ಯಗಳ ಒಳಗೂ ಇದೇ ಕಥೆ. ಒಂದು ಪಕ್ಷದ ಮತದಾರರು ಒಂದೆಡೆ ಕಿಕ್ಕಿರಿದಿದ್ದರೆ, ಆ ಕ್ಷೇತ್ರಗಳಲ್ಲಿ ಶೇ. 80 ಮತದಿಂದ ಗೆಲ್ಲುತ್ತಾರೆ, ಉಳಿದ ಕಡೆ ಶೇ. 45ರಲ್ಲಿ ಸೋಲುತ್ತಾರೆ. ಅದರ ಮೇಲೆ ಆಳುವ ಪಕ್ಷ ಕ್ಷೇತ್ರದ ಗೆರೆಗಳನ್ನೂ ತನಗೆ ಬೇಕಾದಂತೆ ಎಳೆದರೆ ಮುಗಿಯಿತು. 2018ರಲ್ಲಿ ವಿಸ್ಕಾನ್ಸಿನ್ ವಿಧಾನಸಭೆಗೆ ಡೆಮಾಕ್ರಟರಿಗೆ ಬಂದದ್ದು ಶೇ. 53 ಮತ, 99ರಲ್ಲಿ 36 ಸ್ಥಾನ. ಆಸ್ಟಿನ್ ನಗರವನ್ನು 2011ರ ನಕ್ಷೆಯಲ್ಲಿ ಆರು ಸಂಸತ್ ಕ್ಷೇತ್ರಗಳಿಗೆ ಹರಿದು ಹಂಚಲಾಯಿತು. ಟೊಮೆಟೊ ಸೂಪಿನಲ್ಲಿ ಬಿದ್ದ ಬ್ಲೂಬೆರಿ ಹಣ್ಣು ಆಸ್ಟಿನ್ ಎಂಬ ಮಾತು ಹಿಂದಿನ ಗವರ್ನರ್ ರಿಕ್ ಪೆರ್ರಿ ಹೆಸರಿನಲ್ಲಿ ಟೆಕ್ಸಸ್‌ನಲ್ಲಿ ಓಡಾಡುತ್ತದೆ. ಆ ಹಣ್ಣನ್ನು ಆರು ಹೋಳು ಮಾಡಿದ ಹಾಗಾಯಿತು.

ಇದರ ಬಿಸಿ ತಟ್ಟುವುದು ಯಾರಿಗೆ? ಆಸ್ಟಿನ್ 2010ರಲ್ಲಿ, ಡಲ್ಲಾಸ್ 2015ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ಒಂದು ನಿಯಮ ಮಾಡಿದ್ದವು: ನಾಲ್ಕು ಗಂಟೆ ಕೆಲಸಕ್ಕೆ ಹತ್ತು ನಿಮಿಷ ನೀರು ಕುಡಿಯಲು, ಸುಧಾರಿಸಿಕೊಳ್ಳಲು ಬಿಡುವು. ಟೆಕ್ಸಸ್‌ನ ಬೇಸಿಗೆ ನಮ್ಮ ರಾಯಚೂರು, ಕಲಬುರಗಿಯದಕ್ಕೆ ಏನೂ ಕಮ್ಮಿಯಿಲ್ಲ. 2023ರಲ್ಲಿ ರಾಜ್ಯ ಸರ್ಕಾರ, ಇಂಥ ಹಲವು ವಿಷಯಗಳಲ್ಲಿ ನಗರಗಳು ರಾಜ್ಯದ ಕಾನೂನನ್ನು ಮೀರಿ ನಿಯಮ ಮಾಡುವಂತಿಲ್ಲ ಎಂಬ ಕಾಯ್ದೆ ತಂದಿತು. ಊರಿಗೊಂದು ನಿಯಮವಿದ್ದರೆ ವ್ಯಾಪಾರಕ್ಕೆ ತೊಡಕು ಎಂಬುದು ಸರ್ಕಾರದ ವಾದ. ನಗರಗಳು ಕೋರ್ಟಿಗೆ ಹೋದವು. ಹತ್ತು ನಿಮಿಷದ ನೀರೂ ಕೆಂಪು ನೀಲಿಯ ಜಗಳವಾದದ್ದು ನನಗೆ ನೋವಿನ ಸಂಗತಿ.

ಇನ್ನು ಯಾವ ಅಚ್ಚಿಗೂ ಕೂರದ ಜಾಗಗಳು. ಅಲಬಾಮ, ಮಿಸಿಸಿಪ್ಪಿಗಳಲ್ಲಿ ಬ್ಲ್ಯಾಕ್ ಬೆಲ್ಟ್ ಎಂಬ ಪಟ್ಟಿಯಿದೆ. ನಮ್ಮ ಎರೆ ಹೊಲಗಳಂತೆ ಹತ್ತಿಗೆ ಹೇಳಿಮಾಡಿಸಿದ ಕಪ್ಪು ಮಣ್ಣಿನಿಂದ ಬಂದ ಹೆಸರು. ಆ ಹತ್ತಿ ಬೆಳೆಯಲು ಗುಲಾಮರನ್ನಾಗಿಸಿ ತಂದವರ ವಂಶಸ್ಥರು ಇಂದಿಗೂ ಅಲ್ಲೇ ಇದ್ದಾರೆ. ಅಪ್ಪಟ ಹಳ್ಳಿಗಾಡು, ಮತ ಅಪ್ಪಟ ನೀಲಿ. ಪೇಟೆ-ಹಳ್ಳಿ ಎಂದು ಮಾತಾಡುವಾಗ ಇವರು ಯಾರ ಬಾಯಲ್ಲೂ ಬರುವುದಿಲ್ಲ, "ಹಳ್ಳಿಯವನು" ಎಂದಕೂಡಲೇ ಅಮೆರಿಕನ್ನರಿಗೆ ಕಾಣುವುದು ಬಿಳಿಯ ಮುಖ. ಟೆಕ್ಸಸ್‌ನದೇ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಯ ಸ್ಟಾರ್ ಕೌಂಟಿಯಲ್ಲಿ ಬಹುತೇಕ ಎಲ್ಲರೂ ಹಿಸ್ಪಾನಿಕ್ ಮೂಲದವರು. 2016ರಲ್ಲಿ ಅಲ್ಲಿ ಹಿಲರಿ ಗೆದ್ದದ್ದು 60 ಶೇಕಡಾ ಅಂಶಗಳ ಅಂತರದಿಂದ, 2020ರಲ್ಲಿ ಬೈಡನ್ ಐದರಿಂದ. 2024ರಲ್ಲಿ ಟ್ರಂಪ್ ಗೆದ್ದರು, ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ಯಾವ ರಿಪಬ್ಲಿಕನ್ನನೂ ಗೆದ್ದಿರಲಿಲ್ಲ. ಅದೇ ವರ್ಷ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ದೇಶದ ಅತಿ ಕಿಕ್ಕಿರಿದ ಜಾಗಗಳಲ್ಲೊಂದರಲ್ಲಿ, ಟ್ರಂಪ್ ಮತ ಶೇ. 16ರಿಂದ 27ಕ್ಕೆ ಏರಿತು. ಅಲ್ಲಿ ಬದಲಾದದ್ದು ಮತದಾರರು, ಜನಸಾಂದ್ರತೆಯಲ್ಲ.

ಅಕ್ಕನ ಮಗನ ಪ್ರಶ್ನೆಗೆ ಜನಗಣತಿ ಇಲಾಖೆಯ ಉತ್ತರ ಸುಲಭ. 5,000 ಜನ ಅಥವಾ 2,000 ಮನೆ ಒತ್ತಾಗಿದ್ದರೆ ಅದು ನಗರ ಪ್ರದೇಶ. ಆ ಲೆಕ್ಕದಲ್ಲಿ ಅಮೆರಿಕನ್ನರಲ್ಲಿ ಶೇ. 80 ಮಂದಿ ಪೇಟೆಯವರೇ, ಅವನೂ ಪೇಟೆಯವನೇ. ಆದರೆ ಆ 80ರಲ್ಲಿ ದೊಡ್ಡ ಪಾಲು ಅವನ ಬೀದಿಯಂಥ ಬೀದಿಗಳದ್ದು. ಚುನಾವಣೆಗಳು ಈಗ ತೀರ್ಮಾನವಾಗುತ್ತಿರುವುದು ಬಹುಮಟ್ಟಿಗೆ ಅಲ್ಲೇ. ವಿಲಿಯಮ್‌ಸನ್ ಕೌಂಟಿ 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿಗೆ ಸುಮಾರು ಶೇ. 59 ಕೊಟ್ಟಿತ್ತು, 2020ರಲ್ಲಿ ಬೈಡನ್ ಕಡೆ ವಾಲಿತು, 2024ರಲ್ಲಿ ಸಣ್ಣ ಅಂತರದಲ್ಲಿ ಟ್ರಂಪ್ ಕಡೆ ಮರಳಿತು.

2024ರ ನವೆಂಬರ್‌ನಲ್ಲಿ ವಿಡಿಯೋ ಕರೆ ಮಾಡಿದ ಅಕ್ಕನ ಮಗನನ್ನು ಅಮ್ಮ ಕೇಳಿದಳು, "ನಿಮ್ಮೂರಿನ ಬಣ್ಣ ಯಾವುದಪ್ಪಾ ಈಗ?"

"ಹೋದ ಸಲ ನೀಲಿ, ಈ ಸಲ ಕೆಂಪು ಅಜ್ಜಿ" ಅಂದ. "ಅಕ್ಕಪಕ್ಕದ ಮನೆಯವರು ಮಾತ್ರ ಅವರೇ, ಬೋರ್ಡೂ ಅವೇ ಎರಡು."